ಕೊಟ್ಟಿಗೆಯ ಒಲೆ

"ಏಯ್, ಅತ್ತಗೆ ಸರ್ಕೊಳ್ಳೇ! ಫಾರಂ ಮ್ಯಾಲೆ ನಿನ್ನ ನೆಳ್ಳು ಬೀಳ್ತೈತೆ."

ಅಂಗಳದಲ್ಲಿ ನಿಂತಿದ್ದ ಸಣ್ಣಕ್ಕ ಹಿಂದಕ್ಕೆ ಸರಿದಳು. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಲೋಕನಾಥಪ್ಪ, ಅಂಟಿಕೊಂಡ ನೆರಳು ಉದುರಿಹೋಗಲಿ ಎಂಬಂತೆ ಕಾಗದಗಳನ್ನು ಒಮ್ಮೆ ಕೊಡವಿ ಏಜೆಂಟ್ ಹರೀಶನ ಕೈಗಿತ್ತ. ಹರೀಶ ರಾಯದುರ್ಗದವನು. ಜೀನ್ಸ್ ಹೊಲಿಯುವ ಕಸುಬು ಬಿಟ್ಟು ಈಗ ಜನರನ್ನು ವಿಮಾನ ಹತ್ತಿಸುವ ಕಸುಬು ಹಿಡಿದಿದ್ದ. ಲೋಕನಾಥಪ್ಪನ ಮಗಳು ತ್ರಿವೇಣಿ ಸಿಂಗಪುರದಲ್ಲಿ ಮನೆಗೆಲಸಕ್ಕೆ ಹೆಂಗಸು ಬೇಕೆಂದು ತಿಂಗಳುಗಟ್ಟಲೆ ಫೋನಿನಲ್ಲಿ ಅಳುತ್ತಿದ್ದಳು. ಊರಿನಲ್ಲಿ ಪಾಸ್‌ಪೋರ್ಟ್ ಇದ್ದು, ಸಮುದ್ರದಾಚೆ ದುಡಿದು ಗೊತ್ತಿದ್ದ ಹೆಂಗಸೆಂದರೆ ಕಾಲನಿಯ ಸಣ್ಣಕ್ಕ ಒಬ್ಬಳೇ.

"ನೋಡ್ರಿ ಸಾಹೇಬ್ರ, ಮೊದಲು ಹೊರದೇಶದಾಗ ಯಾರ ಮನಿಯಾಗ ಇದ್ರು, ಏನು ಕೆಲಸ ಮಾಡಿದ್ರು, ಎಲ್ಲಾ ಇಲ್ಲಿ ಬರೀಬೇಕ್ರಿ. ವಿಳಾಸ ಸೈತ. ಖಾಲಿ ಬಿಟ್ರ ವಾಪಸ್ ಒಗೀತಾರ," ಎಂದ ಹರೀಶ.

"ಏನೇ, ಕುವೈತ್‌ನಾಗೆ ಎಲ್ಲಿದ್ದೆ?"

"ಸಾಲ್ಮಿಯಾ ಸಾಮಿ. ಸಮುದ್ರದ ಇಂದ್ಗಡೆ ಬೀದಿ. ಯಜಮಾನನ ಎಸ್ರು ಜಾಸಿಂ."

"ಕೇಳಿದೇನಯ್ಯಾ ಹರೀಶ, ಇವಳ ವಿಳಾಸ! ಸಮುದ್ರದ ಹಿಂದ್ಗಡೆಯಂತೆ. ಇವರವ್ವ ಓಬಳಿ ಸತ್ತಿದ್ದು ನಮ್ಮ ಮೋರಿ ಹಿಂದ್ಗಡೆ."

ಸಣ್ಣಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅವಳ ತಾಯಿ ಓಬಳಮ್ಮ ಇದೇ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚಿ ಬಾಚಿ ಬಾಗಿಹೋಗಿದ್ದಳು.

"ಅಲ್ಲಿ ಏನು ಕೆಲಸ ಮಾಡ್ತಿದ್ರಿ ನೀವು?" ಹರೀಶ ಪೆನ್ನು ಎತ್ತಿದ.

"'ನೀವು' ಏನಯ್ಯಾ, 'ನೀವು'? ನಿಮ್ಮ ರಾಯದುರ್ಗದ ಮರ್ಯಾದೆ ಅಲ್ಲೇ ಬಸ್‌ಸ್ಟಾಂಡಿನಾಗೆ ಬಿಟ್ಟು ಬಾ. ಇವಳ್ಗೆ 'ಏನೇ' ಅಂದ್ರೆ ಸಾಕು."

"ಅಡಿಗೆ ಮಾಡ್ತಿದ್ದೆ," ಎಂದಳು ಸಣ್ಣಕ್ಕ.

ಬಾಗಿಲ ಹಿಂದಿನಿಂದ ಲೋಕನಾಥಪ್ಪನ ಹೆಂಡತಿ ಪದ್ಮಾವತಮ್ಮನ ತಲೆ ಹೊರಗೆ ಬಂತು. "ಅಡಿಗೆಯಾ? ನೀನಾ? ಯಾರು ಉಣ್ತಿದ್ರೇ?"

"ಮನೆಮಂದಿ ಎಲ್ಲಾ ಉಣ್ತಿದ್ರು ಅಮ್ಮಾರೆ. ನೆಂಟರು ಬಂದ್ರೂ ನಾನೇ ಮಾಡ್ತಿದ್ದೆ."

"ಥೂ!"

"ಬಾಯ್ಮುಚ್ಚೇ ಬೋಸುಡಿ," ಲೋಕನಾಥಪ್ಪ ನಕ್ಕ. "ಎಂಟು ವರ್ಷ ಕಕ್ಕಸು ತೊಳ್ದು ಬಂದು ಅಡಿಗೆ ಅಂತಾಳೆ."

ಹರೀಶ ಕೆಮ್ಮಿದ. "ಅಡಿಗಿ ಅಂತನ ಬರೀಬೇಕ್ರಿ ಸಾಹೇಬ್ರ. ನಿಮ್ಮ ಮಗಳು ಅಡಿಗಿಯವರು ಬೇಕು ಅಂತನ ಅರ್ಜಿ ಹಾಕ್ಯಾರ. ಅಡಿಗಿ ಮಾಡಿದ ಅನುಭವ ಇಲ್ಲಂದ್ರ ಕೆಲಸ ಆಗಂಗಿಲ್ಲ."

ಲೋಕನಾಥಪ್ಪ ಮೀಸೆ ನೀವಿಕೊಂಡ. "ಹಂಗಾರೆ ಬರಿ. ಸುಳ್ಳು ಬರಿಯೋಕೆ ತಾನೇ ನಿನ್ನ ಕರೆಸಿರೋದು."

"ಸುಳ್ಳಲ್ಲ ಸಾಮಿ."

ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಫಾರಂನಾಗೆ ಏನಾರ ಇರ್ಲಿ," ಪದ್ಮಾವತಮ್ಮ ಬೆರಳಾಡಿಸಿದಳು. "ಸಿಂಗಪುರದಾಗೆ ನಮ್ಮ ಮಗಳ ಅಡಿಗೆಮನೆ ಹೊಸ್ಲು ತುಳಿದೆ ಅಂದ್ರೆ ಕಾಲು ಮುರೀತೀನಿ. ಅಡಿಗೆಗೆ ಅವಳತ್ತೆ ಅವ್ಳೆ. ನಿಂಗೆ ಕಕ್ಕಸು, ಬಟ್ಟೆ, ನೆಲ. ತಿಳೀತಾ?"

ಸಣ್ಣಕ್ಕ ತಲೆಯಾಡಿಸಿದಳು. ಅವಳು ಬಂದದ್ದು ಫಾರಂನಲ್ಲಿ ಬರೆಯುವ ಆ ಒಂದು ಮಾತಿಗಾಗಿ. ಕುವೈತಿನಿಂದ ಬಂದ ಮೇಲೆ ಮಡಕಶಿರದ ಹೋಟೆಲೊಂದಕ್ಕೆ ಹೋಗಿ ಅಡಿಗೆ ಕೆಲಸ ಕೇಳಿದ್ದಳು. ಮಾಲೀಕ ಮೊದಲು ಕೇಳಿದ್ದು, ಯಾವ ಕೇರಿ ಎಂದು. ಆಮೇಲೆ ತಟ್ಟೆ ತೊಳೆಯುವ ತೊಟ್ಟಿ ತೋರಿಸಿದ್ದ. ಎಂಟು ವರ್ಷ ಬೆಂಕಿಯ ಮುಂದೆ ನಿಂತದ್ದಕ್ಕೆ ಎಲ್ಲೂ ಒಂದು ಗುರುತಿರಲಿಲ್ಲ. ಹರೀಶ ಹೇಳಿದ್ದ: "ಒಮ್ಮೆ ಅಡಿಗಿಯವರು ಅಂತ ಬರೆದು ಮುದ್ರೆ ಬಿತ್ತಂದ್ರ ಮುಗೀತಕ್ಕ, ಮುಂದ ಯಾವ ದೇಶಕ್ಕ ಹೋದ್ರೂ ನೀವು ಅಡಿಗಿಯವರ. ಕೇರಿ ಯಾರೂ ಕೇಳಂಗಿಲ್ಲ." ಅದಕ್ಕೇ ನೆರಳಿನ ಮಾತನ್ನೂ, ಮೋರಿಯ ಮಾತನ್ನೂ ನುಂಗಿಕೊಂಡಳು.

"ಇನ್ನೊಂದೈತ್ರಿ ಸಾಹೇಬ್ರ. ಇವರು ಅಡಿಗಿ ಮಾಡೋದು ವಿಡಿಯೋ ಕಳಸ್ಬೇಕು."

"ನನ್ನ ಅಡಿಗೆಮನೇಲಿ ಇವಳಾ?" ಪದ್ಮಾವತಮ್ಮ ಎದೆಗೆ ಕೈಯಿಟ್ಟುಕೊಂಡಳು. "ಮೂರು ಹೊತ್ತು ದೇವರ ನೈವೇದ್ಯ ಆಗೋ ಜಾಗ! ಕೊಟ್ಟಿಗೇಲಿ ಮಾಡ್ಕೊಳ್ಳಿ."

ಹಾಗೇ ಆಯಿತು. ಕೊಟ್ಟಿಗೆಯ ಒಂದು ಮೂಲೆಗೆ ಹಳೆಯ ಗ್ಯಾಸ್ ಒಲೆ ಬಂತು. ಸಗಣಿ ಮೆತ್ತಿದ ಗೋಡೆ ಕಾಣದಂತೆ ತ್ರಿವೇಣಿಯ ಹೂವಿನ ಪರದೆ ಕಟ್ಟಿದರು. ಎತ್ತುಗಳಿಗೆ ಹುರುಳಿ ಬೇಯಿಸುವ ಪಾತ್ರೆ ಒಲೆಯ ಮೇಲೆ ಕೂತಿತು.

"ಬರೀ ಸೌಟು ತಿರುಗ್ಸು. ಪಾತ್ರೆ ಒಳಗೆ ಯಾರು ಇಣುಕಿ ನೋಡ್ತಾರೆ?" ಎಂದ ಲೋಕನಾಥಪ್ಪ.

"ನೋಡ್ತಾರ್ರಿ," ಎಂದ ಹರೀಶ. "ಹೊಗಿ ಬರಬೇಕು, ಅನ್ನ ಕಾಣಬೇಕು."

ಪದ್ಮಾವತಮ್ಮ ದೂರದಿಂದಲೇ ನುಚ್ಚಕ್ಕಿ, ಎರಡು ಈರುಳ್ಳಿ, ಚೂರು ಚಕ್ಕೆ ಲವಂಗ ಸಣ್ಣಕ್ಕನ ಮಡಿಲಿಗೆ ಎಸೆದಳು. ಅರ್ಧ ಕಾಳು ನೆಲಕ್ಕೆ ಬಿದ್ದವು. ಸಣ್ಣಕ್ಕ ಆರಿಸಿಕೊಂಡಳು, ತೊಳೆದಳು, ಈರುಳ್ಳಿ ಹೆಚ್ಚಿದಳು. ಈರುಳ್ಳಿ ಕೆಂಪಗಾಗುವ ಹೊತ್ತಿಗೆ ಅವಳ ಬೆನ್ನು ತಾನಾಗಿ ನೆಟ್ಟಗಾಗಿತ್ತು. ಅಕ್ಕಿ ಬಿತ್ತು, ನೀರು ಬಿತ್ತು, ಮುಚ್ಚಳ ಕೂತಿತು. ಸ್ವಲ್ಪ ಹೊತ್ತಿಗೆ ಸಗಣಿಯ ವಾಸನೆಯನ್ನು ಹಿಂದಕ್ಕೆ ತಳ್ಳಿ ಅನ್ನದ ಘಮ ಎದ್ದಿತು. ಜಗಲಿಯಲ್ಲಿ ಕೂತ ಲೋಕನಾಥಪ್ಪನ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

ವಿಡಿಯೋ ತೆಗೆದು ಮುಗಿಸಿ ಹರೀಶ ಸಿಂಗಪುರಕ್ಕೆ ವಿಡಿಯೋ ಕಾಲ್ ಹಚ್ಚಿದ; ಫೋನಿನಲ್ಲಿ ತ್ರಿವೇಣಿಯ ಮುಖ ಮೂಡಿತು. "ಸೂಪರ್ ಕಣಪ್ಪಾ! ನಿಜವಾದ ಕಿಚನ್ ಹಂಗೇ ಕಾಣ್ತೈತೆ."

ಹರೀಶ ನಗುತ್ತಾ ಪಾತ್ರೆಯತ್ತ ಬೆರಳು ಚಾಚಿದ. "ಒಂಚೂರು ರುಚಿ ನೋಡ್ತೀನಕ್ಕ."

"ಏಯ್! ನೀನು ಯಾವ ಜನಾನಯ್ಯಾ?" ಲೋಕನಾಥಪ್ಪ ಗುಡುಗಿದ.

ಬೆಂಕಿ ತಾಗಿದಂತೆ ಹರೀಶನ ಕೈ ಹಿಂದಕ್ಕೆ ಬಂತು.

"ವಿಡಿಯೋ ಆಯ್ತಲ್ಲ," ಎನ್ನುತ್ತಾ ಪದ್ಮಾವತಮ್ಮ ಸೌದೆ ತುಂಡೊಂದನ್ನು ಎತ್ತಿಕೊಂಡು ಬಂದು ಪಾತ್ರೆಯನ್ನು ಪಕ್ಕಕ್ಕೆ ನೂಕಿದಳು. ಅದು ಉರುಳಿತು. ಬಿಸಿ ಅನ್ನ ಗಂಜಲದ ಕಾಲುವೆಗೆ ಚೆಲ್ಲಿ ಹಬೆಯಾಡಿತು. ಕಟ್ಟಿದ್ದ ಎಮ್ಮೆ ಹಗ್ಗ ಬಿಗಿಯುವಷ್ಟು ಕತ್ತು ಚಾಚಿ ತಿನ್ನತೊಡಗಿತು. ಯಾರ ಕೈಯದ್ದೆಂದು ಅದು ಕೇಳಲಿಲ್ಲ.

ಸಣ್ಣಕ್ಕ ಆ ಅನ್ನವನ್ನೇ ನೋಡುತ್ತಾ ನಿಂತಳು. ಕುವೈತಿನ ಮನೆಯವರೇನು ದೇವರಲ್ಲ. ಅಲ್ಲೂ ಕೆನ್ನೆಗೆ ಬಾರಿಸಿದ್ದರು, ಕೋಣೆಗೆ ಬೀಗ ಹಾಕಿದ್ದರು. ಆದರೆ ಅವಳು ಬೇಯಿಸಿದ್ದನ್ನು ಉಂಡು ಬಾರಿಸಿದ್ದರು.

"ನಿಂತ್ಕೊಂಡು ಏನು ನೋಡ್ತೀಯೇ? ಸಗಣಿ ಬಾಚಿ ಹೋಗು. ನಿಮ್ಮವ್ವ ಬಾಚ್ತಿರ್ಲಿಲ್ವಾ?" ಎಂದಳು ಪದ್ಮಾವತಮ್ಮ.

ಸಣ್ಣಕ್ಕ ಸೌಟು ಹಿಡಿದೇ ಕೊಟ್ಟಿಗೆಯಿಂದ ಹೊರಬಂದಳು. ಅಂಗಳ ದಾಟಿದಳು. ಎಲ್ಲಿಗೆ ಹೊರಟಳೆಂದು ಅವರಿಗೆ ಹೊಳೆಯುವಷ್ಟರಲ್ಲಿ ಹಿತ್ತಲ ಬಾಗಿಲು ದಾಟಿ ಅಡಿಗೆಮನೆಯ ಹೊಸ್ತಿಲ ಒಳಗಿದ್ದಳು.

"ಅಯ್ಯಯ್ಯೋ! ಒಳಿಕ್ಕೆ ಹೋದ್ಲು! ಮನೆ ಕೆಡಿಸಿದ್ಲಲ್ಲೋ ಮುಂಡೆ!" ಪದ್ಮಾವತಮ್ಮ ತಲೆ ಬಡಿದುಕೊಂಡಳು.

ಸಣ್ಣಕ್ಕ ಒಲೆ ಹಚ್ಚಿದಳು. ಬಾಣಲೆ ಇಟ್ಟಳು. ಎಣ್ಣೆ ಸುರಿದಳು. ಉಪ್ಪಿನ ಜಾಡಿಗೆ ಮಣಿಕಟ್ಟಿನತನಕ ಕೈ ಇಳಿಸಿದಳು.

"ಹರೀಶಣ್ಣಾ, ಈಗ ತೆಗಿ ವಿಡಿಯೋ. ಕೊಟ್ಟಿಗೇದು ಸುಳ್ಳು, ಇದು ನಿಜ. ಫಾರಂನಾಗೆ ಬರ್ಕೋ: ಕೆಲಸ ಅಡಿಗೆ, ವಿಳಾಸ ಲೋಕನಾಥಪ್ಪನ ಅಡಿಗೆಮನೆ."

"ಅಪ್ಪಾ, ಏನಾಯ್ತು? ಅವಳ್ಯಾಕೆ ಅಲ್ಲವ್ಳೆ? ಅದು ಅಮ್ಮನ ಒಲೆ ತಾನೇ?" ತ್ರಿವೇಣಿ ಫೋನಿನೊಳಗಿಂದ ಕಿರುಚಿದಳು. ಹರೀಶ ಹಿಂದೆಯೇ ಬಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಎತ್ತಿ ಹಿಡಿದ ಫೋನು ಇಳಿಯಲಿಲ್ಲ.

ಲೋಕನಾಥಪ್ಪ ಗೋಡೆಯ ಬಾರುಕೋಲು ಕಿತ್ತುಕೊಂಡು ಹೊಸ್ತಿಲಿಗೆ ಬಂದ. ಇನ್ನೊಂದು ಕೈಯಲ್ಲಿ ಫಾರಂ ಇತ್ತು. "ಆಚೆ ಬಾರೇ ಲೌಡಿ! ಇಲ್ದಿದ್ರೆ ಇದನ್ನ ಹರಿದು ಬಿಸಾಕ್ತೀನಿ. ಸಿಂಗಪುರ ಅಲ್ಲ, ಮಡಕಶಿರದ ಸಂತೆಗೂ ಹೋಗ್ದಂಗೆ ಮಾಡ್ತೀನಿ."

"ಅರೀರಿ."

ಅವನು ಹರಿದ. ಹರಿದ ಸದ್ದಿಗೂ ಅವಳು ತಿರುಗಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ನಿಂತೇ ಸಾಸಿವೆ ಡಬ್ಬಿಯ ಮುಚ್ಚಳ ತೆಗೆದಳು.

"ಜಾಡಿ, ಡಬ್ಬಿ, ಅಕ್ಕಿ, ಬೇಳೆ, ಎಲ್ಲಾ ಮುಟ್ಟಿವ್ನಿ ಅಮ್ಮಾರೆ. ಆಚೆಗೆ ಸುರಿಯಂಗಿದ್ರೆ ಎಲ್ಲಾನೂ ಸುರೀರಿ. ನಿಮ್ಮೆಮ್ಮೆ ತಿಂತೈತೆ."

ಬಾರುಕೋಲು ಮೇಲೆದ್ದಿತು. ಕಾದ ಎಣ್ಣೆಗೆ ಸಾಸಿವೆ ಬಿದ್ದು ಚಟಪಟನೆ ಸಿಡಿಯತೊಡಗಿತು.