ಹಿಡಿದುಕೊಳ್ಳುವುದೇ ನನ್ನ ಕೆಲಸ

ಕೆಂಪಗೆ ಕಾದ ಉಕ್ಕನ್ನು ಎಣ್ಣೆಯಲ್ಲಿ ಅದ್ದಿದಾಗ ಏಳುವ ಕಮಟು ಹೊಗೆ. ನನ್ನ ಬಾಲ್ಯದ ವಾಸನೆ ಅದು. ಆ ಎಣ್ಣೆಯಿಂದ ಎದ್ದ ಮೇಲೆ ನನ್ನನ್ನು ಸಾಣೆ ಹಿಡಿದು ನುಣುಪು ಮಾಡಿದರು. ನಾನು ಒಂದು ಕಾಲೆಟ್. ಹೆಬ್ಬೆರಳಿನಷ್ಟು ದಪ್ಪದ, ಮೈತುಂಬ ಸೀಳುಗಳಿರುವ ಉಕ್ಕಿನ ಕೊಳವೆ. ಮಿಲ್ಲಿಂಗ್ ಯಂತ್ರದ ತಿರುಗುವ ಬಾಯಿಯಲ್ಲಿ ಕುಳಿತು, ಲೋಹ ಕೊರೆಯುವ ಕಟರನ್ನು ಅಲುಗದಂತೆ ಹಿಡಿದುಕೊಳ್ಳುತ್ತೇನೆ. ಎಲ್ಲರೂ ನೋಡುವುದು ಕಟರನ್ನು.

ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ದುಡಿದೆ. ಎಷ್ಟೋ ಕೈಗಳು ಬಿಗಿದವು, ಸಡಿಲಿಸಿದವು; ಒಂದೂ ನೆನಪಿಲ್ಲ. ಅದು ಮುಚ್ಚಿದಾಗ, ಬಿಡಿಭಾಗ ಮಾಡಿಕೊಡುವ ಗುರುಶಿದ್ದಪ್ಪನವರು ಒಂದು ಸಣ್ಣ ಯಂತ್ರದ ಜೊತೆಗೆ ನನ್ನನ್ನೂ ಹುಬ್ಬಳ್ಳಿಯ ತಮ್ಮ ಮನೆಯ ಹಿತ್ತಿಲ ಶೆಡ್ಡಿಗೆ ತಂದರು. ಮನೆಯಲ್ಲಿ ಅವರು ಮತ್ತು ಅವರ ಅಕ್ಕ ನೀಲವ್ವ, ಇಬ್ಬರೇ. ಗುರುಶಿದ್ದಪ್ಪ ಪ್ರತಿ ಸಲವೂ ಹಳೇ ಬನಿಯನ್ನಿನ ಮೆತ್ತನೆ ತುಂಡಿನಿಂದ ನನ್ನನ್ನು ಒರೆಸಿಯೇ ಕೂರಿಸುತ್ತಿದ್ದರು. ನನಗೆ ಸಿಕ್ಕ ಮೊದಲ ಅಕ್ಕರೆ ಅದು.

ಆ ವರ್ಷ ಆಯುಧಪೂಜೆಗೆ ನೀಲವ್ವ ಯಂತ್ರದ ಬಾಯಿಗೆ ಧಾರಾಳವಾಗಿ ಕುಂಕುಮ ಹಚ್ಚಿದರು. ಹಬ್ಬದ ಕುಂಕುಮ ತಾನಾಗಿ ಉದುರಬೇಕು, ಒರೆಸಬಾರದು ಎಂಬುದು ಆ ಮನೆಯ ರೂಢಿ. ಹಾಗಾಗಿ ಗುರುಶಿದ್ದಪ್ಪ ನನ್ನನ್ನು ಒರೆಸಿದರು, ಯಂತ್ರದ ಬಾಯಿಯನ್ನು ಮುಟ್ಟಲಿಲ್ಲ. ಎಣ್ಣೆಯಲ್ಲಿ ನೆಂದ ಕುಂಕುಮ ಒಳಗಿಳಿದು ನನ್ನ ಬೆನ್ನಿಗೆ ಒತ್ತಿ ಗಟ್ಟಿಯಾಯಿತು. ನಾನು ಓರೆಯಾದೆ. ಕಟರು ಕೂದಲೆಳೆಯಷ್ಟು ಓಲಾಡಿತು.

ಪಕ್ಕದ ಮನೆಯ ದರ್ಜಿ ಹುಸೇನಬಿಯ ಪೋಲಿಯೊ ಕಾಲಿಗೆ ಕಟ್ಟುವ ಪಟ್ಟಿಯ ಮೊಣಕಾಲ ಕೀಲು ಮುರಿದಿತ್ತು. ಗುರುಶಿದ್ದಪ್ಪ ಮಾಡುತ್ತಿದ್ದ ಹೊಸದಕ್ಕೆ ತೂತುಗಳು ಒಂದೇ ನೇರಕ್ಕೆ ಬರಬೇಕು. ಬರಲಿಲ್ಲ. ಹಾಕಿ ನೋಡಿದರೆ ಕೀಲು ಮಡಚಲೇ ಇಲ್ಲ.

"ಮೂರನೇ ಸಲ ಆತು ಕಾಕಾ. ಕಾಲು ಇಲ್ಲೇ ಬಿಟ್ಟು ಹೋಗ್ಲೇನು?" ಎಂದು ಅವಳು ನಕ್ಕಳು. ಗುರುಶಿದ್ದಪ್ಪ ನಗಲಿಲ್ಲ.

"ಈ ಕಾಲೆಟ್ ಸವದೈತಿ" ಎಂದು ನನ್ನನ್ನು ಕಿತ್ತು ಹಳೇ ಬೋಲ್ಟುಗಳ ಡಬ್ಬಿಗೆ ಎಸೆದರು. ನನ್ನ ಬಾಯಿಯಂಚು ಬೋಲ್ಟಿಗೆ ಬಡಿದು ಮುಕ್ಕಾಯಿತು. ತಪ್ಪು ಎಲ್ಲಿದೆಯೆಂದು ಬಲ್ಲವಳು ನಾನೊಬ್ಬಳೇ, ಹೇಳಲು ನಾಲಿಗೆಯಿಲ್ಲ.

ಹೊಸ ಕಾಲೆಟ್ ಬಂತು. ಓಲಾಟ ಅಳೆಯುವ ಗೇಜಿನ ಮುಳ್ಳು ಮೊದಲಿನಷ್ಟೇ ಓಡಾಡಿತು.

"ಕಣ್ಣು ಹೋದುವಕ್ಕಾ. ಕೈಯೂ ಹೋತು. ಮಷೀನ್ ಕೊಟ್ಟುಬಿಡ್ತೀನಿ."

"ನನ್ನ ಅನ್ನದಾಗ ಹರಳು ಹುಡುಕಾಕ ಮಾತ್ರ ಕಣ್ಣು ಅದಾವ ನಿನಗ" ಎಂದರು ನೀಲವ್ವ. ಗುರುಶಿದ್ದಪ್ಪ ನಾಲ್ಕು ದಿನ ಶೆಡ್ಡಿನ ಬಾಗಿಲು ತೆಗೆಯಲಿಲ್ಲ.

ಐದನೆಯ ದಿನ ಕೊಳ್ಳುವವರು ಬರುವುದಿತ್ತು. ಯಂತ್ರ ಕಳಿಸುವಾಗ ಶುಚಿಯಾಗಿರಲೆಂದು ನೀಲವ್ವ ಬೆಳಿಗ್ಗೆಯೇ ಬಂದು, ಬಟ್ಟೆ ಸುತ್ತಿದ ಬೆರಳನ್ನು ಅದರ ಬಾಯಿಯೊಳಗೆ ಹಾಕಿ ತಿರುಗಿಸಿದರು. ಬೆರಳು ಕೆಂಪಾಗಿ ಹೊರಬಂತು.

"ಶಿದ್ದಾ, ಬಾರೋ ಇಲ್ಲೆ! ನಿನ್ನ ಕಣ್ಣಲ್ಲೋ, ನನ್ನ ಕುಂಕುಮ!"

ಗುರುಶಿದ್ದಪ್ಪ ಒರೆಸಿದರು, ಮತ್ತೆ ಒರೆಸಿದರು, ಹೊಸ ಕಾಲೆಟ್ ಕೂರಿಸಿದರು. ಮುಳ್ಳು ಅಲುಗಲಿಲ್ಲ. ಕೊಳ್ಳಲು ಬಂದವರಿಗೆ ಚಹಾ ಕೊಟ್ಟು, ಕೈಮುಗಿದು ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಹುಸೇನಬಿ ಹೊಸ ಕೀಲು ಮಡಚಿ ಕುಳಿತಳು, ಎದ್ದಳು, ಮತ್ತೆ ಕುಳಿತಳು.

ಆಮೇಲೆ ಗುರುಶಿದ್ದಪ್ಪ ಡಬ್ಬಿಯಲ್ಲಿ ನನ್ನನ್ನು ಹುಡುಕಿ ತೆಗೆದರು. ಮುಕ್ಕಾದ ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ನನ್ನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಇಂದಿಗೂ ಅಲ್ಲಿದ್ದೇನೆ. ತುಕ್ಕು ಹಿಡಿಯದಂತೆ ಎಣ್ಣೆ ಸವರುತ್ತಾರೆ, ಮುಕ್ಕಾದವಳನ್ನು ಕೆಲಸಕ್ಕೆ ಕರೆಯುವುದಿಲ್ಲ. ಹಿಡಿಯಲೆಂದೇ ಹುಟ್ಟಿದವಳಿಗೆ ಹಿಡಿಯಲು ಏನೂ ಇಲ್ಲದ ದಿನಗಳು ಬಹಳ ಉದ್ದ. ಆದರೂ ಅವರ ಮೇಲೆ ಮುನಿಸಿಲ್ಲ. ಈ ಕಟ್ಟೆಯಿಂದ ನಾನು ಮೊದಲು ಕಂಡದ್ದನ್ನು ಹೇಳಿಬಿಡುತ್ತೇನೆ.

ತನ್ನಿಂದಲೇ ಇಷ್ಟಾಯಿತೆಂದು ನೀಲವ್ವ ಬೆಳಗಿನಿಂದ ಬಾಯಿಗೆ ನೀರೂ ಹಾಕದೆ ಹಿತ್ತಿಲ ಕಲ್ಲಿನ ಮೇಲೆ ಕುಳಿತಿದ್ದರು. ಗುರುಶಿದ್ದಪ್ಪ ಕೈ ತೊಳೆದು ಒಳಗೆ ಹೋದರು. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಒಂದಿಷ್ಟು ಮೊಸರು ಹಾಕಿಕೊಂಡು ಬಂದು ತಾಟನ್ನು ಅಕ್ಕನ ಕೈಗಿಟ್ಟರು.