ಭಂಡಾರದ ಕಲ್ಲು

ಹಿರಣ್ಯಕೇಶಿಯ ನೀರು ಬೆಳಗಿನಿಂದಲೇ ಕೆಂಪಗಾಗಿತ್ತು. ಹೊಳೆಯ ಮೇಲ್ಗಡೆ ಆಜರಾ ಕಡೆ ಮಳೆ ಹಿಡಿದಿದೆ ಎಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಗಡಹಿಂಗ್ಲಜದ ಉತ್ಸಾಹಿ ಮಂದಿ ಬಿಡಬೇಕಲ್ಲ! ಹೊಳೆಯ ಇತಿಹಾಸ ತಿಳಿಯುತ್ತ ನಿಧಿ ಹುಡುಕುವ ನಡಿಗೆಯಂತೆ. ಹಳೆಯ ಸ್ನಾನಘಟ್ಟದಲ್ಲಿ ಒಂದು ಒಗಟು, ಮಹಾಪೂರದ ಗುರುತಿರುವ ಗೋಡೆಯಲ್ಲಿ ಇನ್ನೊಂದು, ಬಿಡಿಸುತ್ತ ಹೋದರೆ ಕೊನೆಗೊಂದು ಪೆಟ್ಟಿಗೆ. ಇದನ್ನೆಲ್ಲ ಹೂಡಿದವನು ಬಟ್ಟೆ ಅಂಗಡಿಯ ಅತುಲ. ಒಳ್ಳೆಯವನೇ, ಆದರೆ ಸುಮ್ಮನೆ ಕೂರುವವನಲ್ಲ.

ದೀಪಾಲಿ ಮೊದಲ ತಂಡದಲ್ಲಿದ್ದಳು. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ, ಹುಟ್ಟಿದ್ದು ಹಲಕರ್ಣಿಯ ಕುರಿಗಾರರ ಮನೆಯಲ್ಲಿ. ದಂಡೆಯ ಕಬ್ಬಿನ ಅಂಚಿನಲ್ಲಿ ಕುರಿಗಾರರ ಕಲ್ಲೊಂದಿದೆ, ಮುತ್ತಜ್ಜರ ಕಾಲದ್ದು, ಅದಕ್ಕೆ ಅರಿಶಿನದ ಭಂಡಾರ ಬಳಿಯುತ್ತಾರೆ ಎಂದು ಅತುಲನಿಗೆ ಕತೆ ಹೇಳಿದವಳೂ ಅವಳೇ. ಆಚೆ ದಂಡೆಯಿಂದ ಆ ಕಲ್ಲಿನ ನೇರಕ್ಕೆ ಹೊಳೆ ದಾಟಿದರೆ ಮೊಣಕಾಲುದ್ದ ನೀರು, ನೇರ ತಪ್ಪಿದರೆ ಆಳದ ಮಡು ಎನ್ನುವುದನ್ನು ಮಾತ್ರ ಹೇಳಿರಲಿಲ್ಲ. ಕುರಿಗಾರರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಂದೆಯ ಜೊತೆ ನಡೆದವರಿಗೆ ಗೊತ್ತಿರುತ್ತದೆ, ಅಷ್ಟೇ.

ಮುಂಜಾನೆ ಅಪ್ಪ ಗುಂಡು ಫೋನ್ ಮಾಡಿದ್ದ. "ಮಳಿ ಹತ್ತೇತಿ, ಇವತ್ತ ಹೊಳಿ ದಾಟತೇನವಾ. ನಿನ್ನ ಮಾರಿ ನೋಡಿ ಮೂಡಲಕಡೆ ಹೋಗತೇನು."

"ನಿನಗ ಕಣ್ಣ ಸರಿ ಕಾಣೂದಿಲ್ಲ, ನೀರಾಗ ಇಳೀಬ್ಯಾಡ, ಪೂಲ್ ಮ್ಯಾಲಿಂದ ಬಾ ಅಪ್ಪಾ."

"ಪೂಲ್ ಮ್ಯಾಲ ಲಾರಿ ಕುರಿ ತುಳಿತಾವ. ನನಗ ಹಳದಿ ಕಾಣತೈತಿ, ಸಾಕ."

ಪೊರೆ ಬಂದ ಕಣ್ಣಿಗೆ ಕಲ್ಲಿನ ಮೇಲಿನ ಭಂಡಾರವೊಂದೇ ಗುರುತು. ಅವನು ನೀರಿಗಿಳಿಯುವ ಆಚೆ ದಂಡೆಯನ್ನು ಮಹಾಪೂರ ಪ್ರತಿ ವರ್ಷ ಕೊರೆದು ಬೇರೆಯದೇ ಮಾಡುತ್ತದೆ.

ಕೊನೆಯ ಒಗಟು ಅವರನ್ನು ಬಟ್ಟೆ ಒಗೆಯುವ ಮೆಟ್ಟಿಲುಗಳಿಗೆ ತಂದಿತು. ಅಲ್ಲಿ ಕುರಿಗಾರರ ಕಲ್ಲು ಕಂಡ ಕೂಡಲೇ ದೀಪಾಲಿ ಪಕ್ಕದಲ್ಲಿದ್ದ ಅತುಲನ ಕಡೆ ತಿರುಗಿದಳು.

"ಅತುಲ, ಇದ ಇಲ್ಲಿ ಹ್ಯಾಂಗ ಬಂತ?"

"ಆ ಕಬ್ಬಿನಾಗ ಮಂದಿ ಹ್ಯಾಂಗ ಹೋಗಬೇಕ್ರಿ ಅಕ್ಕಾ? ದೇವರ ಅಪ್ಪಣಿ ಕೇಳಿ, ಕಾಯಿ ಒಡದ ತಂದ ಕುಂದ್ರಿಸೇವಿ. ಹೊಸ ಭಂಡಾರನೂ ಹಚ್ಚೇವಿ. ಛಾನ್ ಕಾಣತೈತಿ ಅಲ್ಲ?"

ದೇವರ ಅಪ್ಪಣೆ ಕೇಳಿದರಂತೆ! ಒಬ್ಬ ಕುರಿಗಾರನನ್ನು ಕೇಳಲು ಇವರಿಗೇನಾಗಿತ್ತು? ಮೆಟ್ಟಿಲ ಮುಂದೆ ನೀರು ಅಲೆಯಿಲ್ಲದೆ, ಸದ್ದಿಲ್ಲದೆ ನಿಂತಿತ್ತು. ಅದೇ ಮಡು.

ಅಷ್ಟರಲ್ಲಿ ಆಚೆ ದಂಡೆಯಿಂದ ಕುರಿಗಳ ಗಂಟೆ ಕೇಳಿಸಿತು.

"ನಮ್ಮಪ್ಪ ಇದನ್ನ ನೋಡಕೋತ ನೀರಾಗ ಇಳೀತಾನ! ಇಲ್ಲಿ ಮಡು ಐತಿ ಅತುಲ, ಮುಳಗತಾನ!"

ಅತುಲನ ಮುಖ ಬಿಳಿಚಿಕೊಂಡಿತು. "ಅರೇ ದೇವಾ! ಫೋನ್ ಹಚ್ಚರಿ, ನಾ ಪೂಲ್ ಮ್ಯಾಲಿಂದ ಹೋಗತೇನಿ," ಎಂದವನೇ ಬೈಕಿನ ಕಡೆ ಓಡಿದ. ಗಾಬರಿಗೊಂಡ ತಂಡದವರೂ ಅವನ ಬೆನ್ನು ಹತ್ತಿದರು.

ಫೋನ್ ರಿಂಗಾಯಿತು, ಯಾರೂ ಎತ್ತಲಿಲ್ಲ. ಅದು ಸಾಮಾನು ಹೊರುವ ಕುದುರೆಯ ಮೇಲಿನ ಗಂಟಿನಲ್ಲಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕೂಗಿದರೂ ಉಪಯೋಗವಿರಲಿಲ್ಲ. ಹೊಳೆ ದಾಟುವ ಕುರಿಗಾರ ಯಾರು ಕರೆದರೂ ಓಗೊಡುವುದಿಲ್ಲ. ಕರೆಯುವುದು ಹೊಳೆ ಎಂದೇ ಅವರ ನಂಬಿಕೆ. ಮಗಳ ದನಿಯಲ್ಲೂ ಕರೆದೀತಂತೆ. ಚಿಕ್ಕಂದಿನಲ್ಲಿ ಅವಳಿಗೂ ಅಪ್ಪನೇ ಇದನ್ನು ಕಲಿಸಿದ್ದ.

ಗುಂಡು ಮಂದೆಗಿಂತ ಮುಂದೆ, ಕೋಲೂರಿಕೊಂಡು ಕಲ್ಲಿನ ನೇರಕ್ಕೇ ನೀರಿಗಿಳಿದ. ದೀಪಾಲಿ ಮೈಮೇಲಿನ ಕಪ್ಪು ಓಢಣಿ ಕಿತ್ತು ಕಲ್ಲಿನ ಮೇಲೆ ಹೊದಿಸಿದಳು. ಹಳದಿ ಮರೆಯಾಯಿತು. ಆಚೆ ಅಪ್ಪ ನಿಂತುಬಿಟ್ಟ. ಹಣೆಗೆ ಕೈ ಹಚ್ಚಿ ಆಕಡೆ ಈಕಡೆ ನೋಡಿದ. ಹೋಗುತ್ತಿದ್ದ ಜೀವ ಅವಳಿಗೆ ಮರಳಿ ಬಂದಂತಾಯಿತು.

ಅವನು ಎಷ್ಟು ಹೊತ್ತು ಹಾಗೆ ನಿಂತಾನು? ಅವಳು ಕಬ್ಬು ಸೀಳಿಕೊಂಡು ಹಳೆಯ ಜಾಗಕ್ಕೆ ಓಡಿದಳು. ಕಲ್ಲು ಕಿತ್ತ ಕುಳಿ ಇನ್ನೂ ಹಸಿಯಾಗಿತ್ತು. ಅಲ್ಲಿಂದ ನೇರ ನೀರಿಗಿಳಿದಳು. ಮೊಣಕಾಲುದ್ದವೇ, ಆದರೆ ಸೆಳೆತ ಜೋರಿತ್ತು. ದಾಟಿ ಹೋಗಿ ಕೈ ಹಿಡಿದರೆ ಸಾಕು, ಮುಟ್ಟಿದರೆ ಅಪ್ಪ ನಂಬುತ್ತಾನೆ. ಅರ್ಧ ಹೊಳೆ ದಾಟಿದ್ದಳು. ಅಪ್ಪನ ಬಿಳಿ ಮೀಸೆ ಕಾಣುವಷ್ಟು ಹತ್ತಿರವಾಗಿತ್ತು.

ಆಗ ಅಪ್ಪ ಹಣೆಯ ಮೇಲಿನ ಕೈ ಇಳಿಸಿದ. ಮುಖ ಅರಳಿತು. ಕೋಲು ಎತ್ತಿ ಮುಂದಿಟ್ಟ.

ಯಾಕೆಂದು ಅವಳಿಗೆ ತಿಳಿಯಲಿಲ್ಲ. ಬೆನ್ನ ಹಿಂದೆ ಒಮ್ಮೆಲೇ ಗದ್ದಲವೆದ್ದಾಗ ತಿಳಿಯಿತು. ಎರಡನೆಯ ತಂಡ ಮೆಟ್ಟಿಲು ಮುಟ್ಟಿತ್ತು. ಬಟ್ಟೆ ಮುಚ್ಚಿಟ್ಟ ಕಲ್ಲು ನೋಡಿದರೆ ನಿಧಿ ಹುಡುಕುವವರು ಬಿಟ್ಟಾರೆಯೇ! ಓಢಣಿ ಎಳೆದು, ಕಲ್ಲಿನ ಬುಡ ಕೆದರಿ, ಪೆಟ್ಟಿಗೆ ಎತ್ತಿ ಹಿಡಿದಿದ್ದರು. "ಸಾಪಡ್ಲಾ! ಸಾಪಡ್ಲಾ!" ಸಿಕ್ಕಿತೆಂದು ಮರಾಠಿಯಲ್ಲಿ ಕೂಗುತ್ತಿದ್ದರು.

"ಅಪ್ಪಾ! ನಿಲ್ಲೋ ಅಪ್ಪಾ, ನಾ ದೀಪಾಲಿ!"

ಗುಂಡುವಿನ ಹೆಜ್ಜೆ ಅರೆಕ್ಷಣ ನಿಂತಿತು. ಅವನು ತಲೆ ತಿರುಗಿಸಲಿಲ್ಲ. ಬೀರದೇವರ ಹೆಸರು ಹೇಳುತ್ತ ಇನ್ನಷ್ಟು ಬಿರುಸಾಗಿ ನಡೆದ. ನೀರು ಅವನ ಸೊಂಟಕ್ಕೆ ಬಂತು, ಎದೆಗೆ ಬಂತು. ಮುಂದಿನ ಹೆಜ್ಜೆಗೆ ತಲೆಗೆ ಸುತ್ತಿದ್ದ ಪಟಗಾ ಮಾತ್ರ ನೀರಿನ ಮೇಲೆ ಉಳಿಯಿತು.