ಭೀಮಬಾಯಿ ಜೀಪು ಹತ್ತಿದ್ದು

ಸೂಗಪ್ಪನ ಹೆಂಡತಿ ಭೀಮಬಾಯಿ ಅವನ ಜೀಪಿನಲ್ಲಿ ಕೂತದ್ದು ಮದುವೆಯ ದಿನ ಒಂದೇ ಸಲ. ಆಮೇಲೆ ಏಳು ವರ್ಷ ಅದರ ಕಡೆ ತಿರುಗಿಯೂ ನೋಡಲಿಲ್ಲ. ತಪ್ಪು ಅವಳದ್ದಲ್ಲ, ಜೀಪಿನದ್ದು. ಕಲಬುರಗಿಯಿಂದ ಕಮಲಾಪುರಕ್ಕೆ ಬರುವ ದಾರಿಯಲ್ಲಿ ಒಂದು ಏರು ಇದೆ. ಮದುವೆ ದಿಬ್ಬಣ ಹೊತ್ತ ಜೀಪು ಆ ಏರಿನ ನಡುತಿರುವಿನಲ್ಲಿ ಉಸ್ಸೆಂದು ನಿಂತಿತು. ಬೀಗರು ಇಳಿದರು, ಸಾಲಲಿಲ್ಲ. ಬಾಜಾದವರು ಇಳಿದರು, ಸಾಲಲಿಲ್ಲ. ಕೊನೆಗೆ ಮದುಮಗಳೇ ಹಣೆಯ ಬಾಸಿಂಗದ ಸಮೇತ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನಿಂದ ದೂಡಿದಳು. ಜೀಪು ಹೊರಟಿತು, ಹೊರಡುವಾಗ ಅವಳ ಮುಖಕ್ಕೆ ಒಂದು ಬೊಗಸೆ ಮಸಿ ಉಗುಳಿತು.

"ನನ್ನ ಇಳಸಲಾರ್ದಂಗ ಈ ಏರು ಹತ್ತೋ ದಿನ ಹೇಳ್ರಿ, ಕೂಡ್ತೀನಿ," ಎಂದಳು.

ಅಂದಿನಿಂದ ಅವಳು ಬಸ್ಸಿನ ಗಿರಾಕಿ. ಸೂಗಪ್ಪ ಬೆಳಿಗ್ಗೆ ಕೆಂಪು ಬಾಳೆಗೊನೆ ಹೇರಿಕೊಂಡು ಕಲಬುರಗಿಗೆ ಹೋಗಿ, ಸಂಜೆ ಮಂದಿಯನ್ನು ತುಂಬಿಕೊಂಡು ಬರುತ್ತಿದ್ದ. ಏರಿನಲ್ಲಿ ಜೀಪು ಏದುಸಿರು ಬಿಡುವಾಗ ಬಸ್ಸು ಅವನನ್ನು ಹಿಂದೆ ಹಾಕುತ್ತಿತ್ತು. ಕಿಟಕಿಯಲ್ಲಿ ಭೀಮಬಾಯಿ ಇದ್ದರೆ ಕೈ ಬೀಸುತ್ತಿದ್ದಳು. ಸಿಟ್ಟಿನಿಂದಲ್ಲ, ನಗುತ್ತ ಬೀಸುತ್ತಿದ್ದಳು. ಅದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು.

ತೊಂಬತ್ತೇಳರಲ್ಲಿ ಅವನ ಗೆಳೆಯ ಮಂಜೂರ್ ದುಬೈಯಿಂದ ಬಂದು ಶಹಾಬಜಾರದ ಗಲ್ಲಿಯಲ್ಲಿ ಗ್ಯಾರೇಜು ಹಾಕಿದ. ಎಲ್ಲರೂ ದುಬೈಯಿಂದ ಅತ್ತರು, ಟೇಪ್‌ರೆಕಾರ್ಡರ್ ತಂದರೆ ಇವನು ಟವೆಲಿನಲ್ಲಿ ಸುತ್ತಿ ತಂದದ್ದು ಚೊಂಬಿನಷ್ಟು ದಪ್ಪದ ಒಂದು ಲೋಹದ ಡಬ್ಬಿ. ವಿಮಾನ ನಿಲ್ದಾಣದಲ್ಲಿ ಅದನ್ನು ಬಾಂಬೆಂದು ತಿಳಿದು ಅವನನ್ನು ಎರಡು ತಾಸು ಕೂಡಿಸಿದ್ದರು.

"ನೋಡ ಸೂಗಣ್ಣ," ಎಂದ ಮಂಜೂರ್. ಗುಜರಿ ಅಂಗಡಿಯಿಂದ ತಂದಿದ್ದ ಹಳೆಯ ಲಾರಿಯ ಟರ್ಬೋ ಅವನ ತೊಡೆಯ ಮೇಲಿತ್ತು. "ಹೊಗಿ ಸುಮ್ನ ಹೊರಗ ಹೋಗ್ತದಲ್ಲ, ಅದರ ಕೈಲೆ ಈ ಚಕ್ರ ತಿರುಗಸ್ತೀವಿ. ಈ ಚಕ್ರದ ರಾಡಿಗೇ ಆ ಕಡಿ ಇನ್ನೊಂದ್ ಚಕ್ರ ಅದ. ಅದು ಗಾಳಿ ಎಳಕೊಂಡು ಇಂಜಿನ್ನಿಗಿ ತುರುಕ್ತದ. ಗಾಳಿ ಜಾಸ್ತಿ, ಡೀಸೆಲ್ ಜಾಸ್ತಿ, ದಮ್ ಜಾಸ್ತಿ."

"ಹಂಗಾದ್ರ ಹೊಗಿನೂ ಜಾಸ್ತಿ ಆಗಿ ಚಕ್ರ ಇನ್ನೂ ಜೋರ ತಿರುಗ್ತದಲ್ಲೋ. ನಿಲ್ಲೋದು ಯಾವಾಗ?"

"ನಿಲ್ಲಂಗಿಲ್ಲ. ಇಂಜಿನ್ ಒಡಿಯೋತನಕ ತಿರುಗ್ತದ. ಸಾಕು ಅನ್ನಾವ ಒಬ್ಬ ಬೇಕು, ಅವನೇ ಇವ." ಮಂಜೂರ್ ಟವೆಲು ಬಿಚ್ಚಿದ. "ವೇಸ್ಟ್‌ಗೇಟ್. ಕೆಲವು ಟರ್ಬೋಕ್ಕ ಇದು ಹೊಟ್ಟಿಯಾಗೇ ಇರ್ತದ. ಇದು ಹೊರಗ ಬ್ಯಾರೆ ಕುಂದರೋದು. ಒಳಗ ಒಂದ್ ಸ್ಪ್ರಿಂಗು ಬಾಗಲಾ ಒತ್ತಿ ಹಿಡದಿರ್ತದ. ಗಾಳಿ ಒತ್ತಡ ಹತ್ತು ಪೌಂಡಿಗಿ ಬಂತು ಅಂದ್ರ, ಈ ಸಣ್ಣ ನಳಿಗುಂಟ ಬಂದು ರಬ್ಬರ್ ಪರದಾ ದೂಡಿ ಬಾಗಲಾ ಎತ್ತತದ. ಹೆಚ್ಚಿನ ಹೊಗಿ ಚಕ್ರ ಮುಟ್ಟಲಾರ್ದ ಬ್ಯಾರೆ ಪೈಪಿನಾಗ ಹೊರಗ ಹೋಗ್ತದ. ಚಕ್ರದ ಜೋರು ಅಷ್ಟಕ್ಕೇ ನಿಲ್ತದ."

"ಖರೇನ ಏರು ಹತ್ತತದನು?"

"ದುಬೈದಾಗ ಶೇಖ್ ಮಂದಿ ರೇಸಿನ ಕಾರಿಗಿ ಆರ್ ವರ್ಷ ಇದೇ ಕಟ್ಟೀನಿ. ನಿನ್ನ ಏರು ಯಾವ ಲೆಕ್ಕ?"

ವಾರ ಹಿಡಿದು ಕಟ್ಟಿದರು. ಸ್ಟೇರಿಂಗ್ ಪಕ್ಕ ಒತ್ತಡ ತೋರಿಸುವ ಗುಂಡು ಮೀಟರು ಕೂಡಿಸಿದರು. ಇಬ್ಬರೇ ಏರಿಗೆ ಹೋದರು. ಮುಳ್ಳು ಎಂಟಾಯಿತು, ಹತ್ತಾಯಿತು, ಹತ್ತಕ್ಕೆ ನಿಲ್ಲಬೇಕಾದದ್ದು ಹದಿನೆಂಟಕ್ಕೆ ಓಡಿತು. ಫಟ್ ಎಂದಿತು. ಇಂಜಿನ್ನಿನ ತಲೆಯ ಕೆಳಗಿನ ಗ್ಯಾಸ್ಕೆಟ್ಟು ಹಾರಿ, ಬಾನೆಟ್ಟಿನಿಂದ ಉಗಿ ಎದ್ದಿತು.

ಮಂಜೂರ್ ಗ್ಯಾಸ್ಕೆಟ್ಟು ಬದಲಿಸಿ, ಮೆತ್ತನೆಯ ಸ್ಪ್ರಿಂಗು ಹಾಕಿದ. ಮತ್ತೆ ಹದಿನೆಂಟು, ಮತ್ತೆ ಫಟ್. ಡಬ್ಬಿ ಬಿಚ್ಚಿ ಪರದೆ ನೋಡಿದ, ನಳಿಗೆ ಊದಿ ನೋಡಿದ. ಬಾಗಿಲು ಚೆನ್ನಾಗಿ ತೆರೆಯುತ್ತಿತ್ತು. ಮೂರನೆಯ ಸಲವೂ ಹಾರಿದ ಮೇಲೆ ದುಬೈ ಮಾತು ನಿಲ್ಲಿಸಿದ. ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಅಂಗಡಿಯ ಭಾಗಪ್ಪ, "ಸೂಗಣ್ಣ, ಮದಲ ದೂಡಿದ್ರ ಹೋಗ್ತಿತ್ತು. ಈಗ ದೂಡಿದ್ರೂ ಹೋಗಂಗಿಲ್ಲಂತ?" ಎಂದು ಎಲ್ಲರೆದುರು ಕೇಳಿದ. ಸೂಗಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಈ ಜನ್ಮಕ್ಕೆ ಹೆಂಡತಿ ಬಸ್ಸಿನ ಕಿಟಕಿಯಲ್ಲೇ ಉಳಿದಳು ಎಂದುಕೊಂಡ.

ಮರುದಿನ ಭೀಮಬಾಯಿ ಪೇಟೆಗೆ ಬಂದವಳು ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹಿಡಿದು ಗ್ಯಾರೇಜಿಗೆ ಬಂದಳು. ಇಬ್ಬರು ಗಂಡಸರು ತೆರೆದ ಬಾನೆಟ್ಟಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಗಂಟು ಇಟ್ಟು ತಾನೂ ಬಗ್ಗಿ ನೋಡಿದಳು.

"ಹೊಗಿ ಎತ್ತಲಿಂದ ಬರ್ತದ, ಮಂಜೂರಭಾಯಿ?"

"ಇತ್ತಲಿಂದ, ವೈನಿ. ಹಿಂಗ ಹಾದು ಟರ್ಬೋಕ್ಕ ಹೋಗ್ತದ. ನಡು ಈ ಕವಲು ಪೈಪು ಬಾಗಲಕ್ಕ."

"ಕವಲು ಬಂದ ದಾರಿಗೇ ಹಿಂದಕ್ಕ ಬಾಗ್ಯಾದಲ್ಲ, ಯಾಕ?"

"ಮುಂದ ಸ್ಟೇರಿಂಗ್ ರಾಡ್ ಅಡ್ಡ ಬರ್ತದ. ಬಾಗಲಾ ತೆರದ್ರ ಸಾಕು, ಎತ್ತ ಬಾಗಿದ್ರೇನು?"

"ಎತ್ತ ಬಾಗಿದ್ರೇನು ಅಂದ್ರ ಹೆಂಗ?" ಭೀಮಬಾಯಿ ನೆಲದ ಮೇಲಿನ ಎಣ್ಣೆಮಣ್ಣಿನಲ್ಲಿ ಬೆರಳಿನಿಂದ ಒಂದು ಗೆರೆ ಎಳೆದಳು. "ಇದು ನಮ್ಮ ಬಾಳಿ ತ್ವಾಟದ ಕಾಲಿವಿ ಅನ್ಕೋ. ನೀರು ಜೋರ ಹೊಂಟದ. ಮಡಿಗಿ ನೀರು ಬಿಡೋ ಬಾಯಿ ಹಿಂಗ ಹಿಂದಕ್ಕ ಬಾಗಿಸಿ ಕಡದ್ರ ಎಷ್ಟ ಅಗಲ ಕಡದ್ರೂ ನೀರು ಆ ಕಡಿ ಹೊಳ್ಳಂಗಿಲ್ಲ, ಮುಂದಕ್ಕೇ ಓಡ್ತದ. ಹೊಂಟ ಕಡೀಗೇ ಓರೆ ಮಾಡಿ ಕಡೀಬೇಕು. ಆಗ ನೀರು ಕೇಳಲಾರ್ದ ಒಳಗ ಬರ್ತದ."

ಮಂಜೂರ್ ಗೆರೆ ನೋಡಿದ, ಪೈಪು ನೋಡಿದ, ಮತ್ತೆ ಗೆರೆ ನೋಡಿದ. ಆಮೇಲೆ ತನ್ನ ಹಣೆಗೆ ತಾನೇ ಒಂದು ಬಾರಿಸಿಕೊಂಡ. ಕೈಯ ಗ್ರೀಸೆಲ್ಲ ಹಣೆಗೆ ಬಂತು.

"ಆರ್ ವರ್ಷ ದುಬೈದಾಗ ಏನ್ ಮಾಡ್ದಿಯೋ?" ಎಂದ ಸೂಗಪ್ಪ.

"ಅಲ್ಲಿ ಜಾಗಾ ಭಾಳ ಇರ್ತಿತ್ತು ಮಾರಾಯ. ಪೈಪು ಸೀದಾ ಹೋಗ್ತಿತ್ತು. ರೊಟ್ಟಿ ತಾ ಇಲ್ಲಿ."

ರೊಟ್ಟಿ ತಿಂದು ಪೈಪು ಕತ್ತರಿಸಿದರು. ಕವಲನ್ನು ಕೆಳಗಿನಿಂದ, ಹೊಗೆ ಹೊರಟ ಕಡೆಗೇ ಓರೆಯಾಗಿ ಬೆಸೆದು, ವೇಸ್ಟ್‌ಗೇಟನ್ನು ಅಲ್ಲಿ ಕೂಡಿಸಿದರು. ಮಧ್ಯಾಹ್ನ ಜಾರುವಷ್ಟರಲ್ಲಿ ಇಂಜಿನ್ನು ಗುರ್ ಎಂದಿತು. ಭೀಮಬಾಯಿ ಗಂಟು ಕಂಕುಳಲ್ಲಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತೇಬಿಟ್ಟಳು. ಸೂಗಪ್ಪನ ಎದೆಬಡಿತ ಮೀಟರಿಗಿಂತ ಮೊದಲೇ ಏರಿತು. "ಮದಲ ನಾವಿಬ್ಬರೇ ಹೋಗಿ ನೋಡ್ತೀವಿ ತಡಿ..."

"ಕಾಲಿವಿ ಕಡದಾಕಿ ನಾನು. ನಡ್ರಿ."

ಮಂಜೂರ್ ಹಿಂದೆ ಹತ್ತಿದ. ಏರು ಶುರುವಾಯಿತು. ಜೀಪು ಸಲೀಸಾಗಿ ಹತ್ತುತ್ತಿತ್ತು. ನಡುತಿರುವು ಬಂದದ್ದೇ ಭೀಮಬಾಯಿ, "ಇಲ್ಲೇ ನಿಲ್ಲಸ್ರಿ," ಎಂದಳು.

"ಇಲ್ಲೇನು? ಏರಿನ ಮ್ಯಾಲ?"

"ಅವತ್ತ ಇಲ್ಲೇ ಇಳಸಿದ್ರಿ. ಇಲ್ಲಿಂದ್ಲೇ ಹತ್ತಸ್ರಿ."

ಸೂಗಪ್ಪ ನಿಲ್ಲಿಸಿದ. ಹಿಂದಿನಿಂದ ಮಂಜೂರ್, "ವೈನಿ, ನೀವು ಆ ಶೇಖ್ ಮಂದಿಗಿಂತ ಕಠಿಣ ಇದ್ದೀರಿ," ಎಂದು ಗೊಣಗಿದ. ಸೂಗಪ್ಪ ಬ್ರೇಕು ಬಿಟ್ಟ. ಜೀಪು ಒಂದು ಗೇಣು ಹಿಂದಕ್ಕೆ ಜಾರಿತು. ಇಂಜಿನ್ನು ತಿಣುಕಿತು. ಭೀಮಬಾಯಿ ಸೀಟು ಬಿಟ್ಟು ಏಳಲಿಲ್ಲ. ಎಲ್ಲಿಂದಲೋ ಸಣ್ಣಗೆ ಸಿಳ್ಳಿನಂಥ ಸದ್ದು ಎದ್ದಿತು, ಟರ್ಬೋದ ಚಕ್ರ ತಿರುಗತೊಡಗಿತ್ತು. ಮುಳ್ಳು ನಾಲ್ಕಾಯಿತು, ಏಳಾಯಿತು. ಜೀಪು ಮುಂದಕ್ಕೆ ಜಿಗಿಯಿತು. ಒಂಬತ್ತು. ಹತ್ತು. ಸೂಗಪ್ಪ ಮೀಟರಿನತ್ತ ಬಾಗಿದ. ಕಾಲಿನ ಕೆಳಗೆ ಭರ್‍ರೆಂದು ಹೊಗೆ ಬೇರೆ ದಾರಿ ಹಿಡಿಯಿತು. ಮುಳ್ಳು ಹತ್ತರಲ್ಲೇ ಮೊಳೆ ಹೊಡೆದಂತೆ ನಿಂತಿತು.

"ಮಡಿಗಿ ಹೊಳ್ಳಿತು ನೋಡ್ರಿ," ಎಂದಳು ಭೀಮಬಾಯಿ.

ಮುಂದೆ ಬಸ್ಸು ಏರುತ್ತಿತ್ತು. ಅದೇ ಬಸ್ಸು. ಸೂಗಪ್ಪ ಹಾರ್ನು ಹೊಡೆದು ಪಕ್ಕಕ್ಕೆ ತಂದ. ಕಿಟಕಿಗಳಲ್ಲಿ ಕಮಲಾಪುರದ ಮಂದಿ, ನಡುವೆ ಬಾಯಿ ತೆರೆದ ಭಾಗಪ್ಪ. ಭೀಮಬಾಯಿ ಸೆರಗು ಸರಿಮಾಡಿಕೊಂಡು, ನಿಧಾನಕ್ಕೆ, ಕಿಟಕಿ ಕಿಟಕಿಗೂ ಬೇರೆ ಬೇರೆಯಾಗಿ ಕೈ ಬೀಸಿದಳು.

ಏರು ಮುಗಿಯಿತು. ಸೂಗಪ್ಪ ಹೆಂಡತಿಯ ಮುಖ ನೋಡಿದ. ಮಸಿ ಇರಲಿಲ್ಲ.

"ಮನೀಗಿ ಹೋಗೋಣನು?" ಎಂದ.

"ಯಾಕ, ಅವಸರ ಏನದ? ಕೆಳಗ ತಿರುಗಸ್ರಿ. ಆ ಬಸ್ಸು ಇನ್ನೂ ಅರ್ಧಕ್ಕ ಅದ, ಇನ್ನೊಮ್ಮಿ ದಾಟೋಣು."